ಚಿಂದಿಗೆ ಏಳು ಕಾಲು

ಹೊಲಿಗೆಯವರ ಕೇರಿಯಾದ ಚಾಂಗ್‌ಶಿನ್‌ದೊಂಗ್‌ನ ಏರುದಾರಿಯಲ್ಲಿ ಮನೆಗೊಂದು ಹೊಲಿಗೆ ಯಂತ್ರ, ಕಿಟಕಿಗೊಂದು ಇಸ್ತ್ರಿ ಹಬೆಯ ಕೊಳವೆ. ಪಿಲ್‌ಸುನ್‌ಳ ಕೋಣೆಯಲ್ಲಿ ಯಂತ್ರಗಳು ಎರಡಿದ್ದರೂ ಓಡುತ್ತಿದ್ದುದು ಒಂದೇ. ಎದುರಿನದು ಒಕ್ರಿಮ್‌ಳದು. ಮೂವತ್ತೊಂದು ವರ್ಷ ಇಬ್ಬರೂ ಮುಖಾಮುಖಿ ಕೂತು ಹೊಲಿದಿದ್ದರು. ಕಳೆದ ಚಳಿಗಾಲ ಒಕ್ರಿಮ್ ತೀರಿಕೊಂಡ ಮೇಲೆ ಪಿಲ್‌ಸುನ್ ಆ ಯಂತ್ರಕ್ಕೆ ಬಟ್ಟೆ ಹೊದಿಸಿ, ರೇಡಿಯೊ ದನಿ ಜಾಸ್ತಿ ಮಾಡಿಕೊಂಡಳು.

ಒಕ್ರಿಮ್‌ಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಕೆಳಗಿನ ಸಗಟು ಅಂಗಡಿಗಳಿಂದ ವಾರಕ್ಕೊಂದು ಹೊಸ ಮಾದರಿ ಬರುತ್ತಿತ್ತು. ಹೋದ ವಾರದ ಅಂಗಿ ಒಂದು ಸಲವೂ ಒಗೆತ ಕಂಡಿರುತ್ತಿರಲಿಲ್ಲ, ಅಷ್ಟರಲ್ಲೇ ಅದು ಹಳತು. ಬಾಗಿಲಲ್ಲಿ ಚಿಂದಿಯ ಮೂಟೆ ಸೊಂಟದೆತ್ತರ ಬೆಳೆಯುತ್ತಿತ್ತು. ಅದನ್ನು ಕಾಲಲ್ಲಿ ಒತ್ತುತ್ತಾ ಅವಳು ಹೇಳುತ್ತಿದ್ದಳು: "ಇವಕ್ಕೆ ಕಾಲಿದ್ದಿದ್ರೆ ಎದ್ದು ಹೋಗಿ, ಕೊಂಡು ಕೊಂಡು ಬಿಸಾಕೋರ ಬಾಗಿಲಲ್ಲೇ ಕೂರ್ತಿದ್ವು ನೋಡು."

ಅವಳು ಹೋದ ಮೇಲೆ ಪಿಲ್‌ಸುನ್ ಚಿಂದಿಗೆ ನಿಜವಾಗಿಯೂ ಕಾಲು ಹಚ್ಚತೊಡಗಿದಳು. ತೋಳಿನ ತುಂಡು ಹೊಟ್ಟೆಯಾಯಿತು, ಕಾಲರ್ ಬಾಲವಾಯಿತು. ಹೆಸರಿಲ್ಲದ ಪ್ರಾಣಿಗಳು, ಒಂದಕ್ಕೆ ಐದು ಕಾಲು, ಇನ್ನೊಂದಕ್ಕೆ ಒಂಬತ್ತು. ಕೊರಳಿಗೊಂದು ಚೀಟಿ: "ಎಂಟುನೂರು ಗುಲಾಬಿ ಅಂಗಿ ಹೊಲಿದಾಗ ಉಳಿದವನು ನಾನು. ಅವೆಲ್ಲ ಈಗ ಎಲ್ಲಿವೆ?"

ಊಟವಾದ ಮೇಲೆ ಒಂದನ್ನು ಮೂಟೆಯ ಮೇಲೆ ಕೂರಿಸಿ ಒಳಗೆ ಬರುವಳು. ಮೂರು ಗಂಟೆಗೆ ನೋಡಿದರೆ ಅದು ಇರುತ್ತಿರಲಿಲ್ಲ. ದಿನಾ ಹೀಗೆಯೇ.

ಯಾರೋ ಒಯ್ಯುತ್ತಿದ್ದಾರೆ! ಮೆಟ್ಟಿಲ ಮೇಲಿನ ಮನೆಯ ಹುಡುಗಿ ಇರಬಹುದೇ, ಟೋಪಿ ಹಾಕಿಕೊಂಡು ಹತ್ತುವ ಮುದುಕ ಇರಬಹುದೇ? ಯಾರಾದರೂ ಸರಿ, ಅವರ ಕಿಟಕಿಯಲ್ಲಿ ಅವು ಸಾಲಾಗಿ ಕೂತಿರುತ್ತವೆ, ಅವರು ಚೀಟಿ ಓದಿರುತ್ತಾರೆ. ಹೊಲಿಯುತ್ತಾ ಪಿಲ್‌ಸುನ್ ಆ ಯಾರೊಂದಿಗೋ ಮಾತಾಡತೊಡಗಿದಳು. ಸಾರಿಗೆ ಉಪ್ಪು ಹೆಚ್ಚಾಯಿತು, ಮಂಡಿ ನೋಯುತ್ತಿದೆ, ಹೀಗೆ. ರೇಡಿಯೊ ದನಿ ತಾನಾಗಿ ತಗ್ಗಿತು.

ಆ ಧೈರ್ಯದಲ್ಲೇ ಒಂದು ದಿನ ಒಕ್ರಿಮ್‌ಳ ಹಸಿರು ಏಪ್ರನ್ ಕತ್ತರಿಸಿದಳು. ಜೇಬೇ ಹೊಟ್ಟೆ, ಏಳು ಕಾಲು. ಚೀಟಿಯಲ್ಲಿ ಏನೂ ಬರೆಯಲಿಲ್ಲ. ಆ ಯಾರೋ ಇದನ್ನು ಬೇರೆಯವಕ್ಕಿಂತ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ ಅಂತ ಅವಳಿಗೆ ಖಾತ್ರಿಯಿತ್ತು. ಮೂರು ಗಂಟೆಗೆ ಅದೂ ಹೋಗಿತ್ತು.

ಮೂರು ವಾರದ ನಂತರ ಬೊಂಗ್‌ಶಿಕ್‌ನ ಮೋಟಾರ್‌ಬೈಕ್ ಬಂದು ನಿಂತಿತು. ದಿನವೂ ಕತ್ತರಿಸಿದ ಬಟ್ಟೆಯ ಕಟ್ಟು ತರುವವನು, ಹೊಲಿದದ್ದು ಒಯ್ಯುವವನು ಅವನೇ. ಕಟ್ಟು ಬಿಚ್ಚಿದರೆ ಹೊಚ್ಚ ಹೊಸ ಬಟ್ಟೆಯ ಮೇಲೆ ಚಿಂದಿ ಜೋಡಿಸಿದಂತೆ ಅಚ್ಚು. ಕೈಹೊಲಿಗೆಯ ಓರೆಕೋರೆ ದಾರವೂ ಅಚ್ಚಿನಲ್ಲೇ ಇತ್ತು. ಬ್ಯಾಗಿಗೆ ನೇತುಹಾಕುವ ಬೊಂಬೆ ಹೊಲಿಯಬೇಕಂತೆ, ಮುನ್ನೂರು. ಜೊತೆಗೆ, ಎಂದಿನಂತೆ, ನೋಡಿ ಹೊಲಿಯಲು ಒಂದು ಮಾದರಿ, ಅದಕ್ಕೆ ಆಫೀಸಿನ ಚೀಟಿ.

ಮಾದರಿ ಹಸಿರಾಗಿತ್ತು. ಹೊಟ್ಟೆ ಜೇಬಿನದು. ಏಳೂ ಕಾಲು ಬುಡಕ್ಕೆ ಕತ್ತರಿಸಿ, ನೆತ್ತಿಗೊಂದು ಉಂಗುರ ಚುಚ್ಚಿದ್ದರು.

ಪಿಲ್‌ಸುನ್ ಅದನ್ನು ಕೈಯಲ್ಲಿ ಹಿಡಿದೇ ಕೇಳಿದಳು. ಬೊಂಗ್‌ಶಿಕ್ ಮುಚ್ಚಿಡಲಿಲ್ಲ. ಮೂಟೆ ಮೇಲಿನವನ್ನೆಲ್ಲ ತಾನೇ ಒಯ್ಯುತ್ತಿದ್ದೆ ಎಂದ. ಆಫೀಸಿನ ಡಿಸೈನ್ ಹುಡುಗಿ ಕೇಳುತ್ತಿದ್ದಳಂತೆ, ಒಂದಕ್ಕೊಂದು ಕಾಫಿ ಕುಡಿಸುತ್ತಿದ್ದಳಂತೆ.

"ಹೆಂಗೂ ಕಸಕ್ಕೆ ಹಾಕಿದ್ರಲ್ಲಕ್ಕ. ನಿಮ್ಗೇ ಕೆಲ್ಸ ಬಂತಲ್ಲ, ಖುಷಿಪಡಿ."

"ಬೇರೆಯವು ಎಲ್ಲಿ?"

"ಅವು ಬೇಡ್ವಂತೆ. ಕಾಲು ಜಾಸ್ತಿ ಅಂತ ಎಸೆದ್ಬಿಟ್ರು."

ಅವನು ಹೋದ ಮೇಲೆ ಅವಳು ಯಂತ್ರದ ಮುಂದೆ ಕೂತಳು. ಮಾತಾಡಲು ಬಾಯಿ ತೆರೆದಳು. ಕೇಳುವವರು ಯಾರೂ ಇರಲಿಲ್ಲ. ಯಾವತ್ತೂ ಇರಲಿಲ್ಲ.

ಆದರೂ ಹೊಲಿದಳು, ಹೊಟ್ಟೆಪಾಡು ನೋಡಿ. ನಾಲ್ಕು ದಿನದಲ್ಲಿ ಮುನ್ನೂರು ಮುಗಿಯಿತು. ಹಾಳಾದರೆ ಇರಲಿ ಅಂತ ಹೆಚ್ಚಿಗೆ ಕಳಿಸಿದ್ದ ತುಂಡುಗಳಲ್ಲಿ ಇನ್ನೂ ಒಂದು ಬೊಂಬೆ ಹೊಲಿದಳು. ವಾಪಸು ಹೋಗಬೇಕಿದ್ದ ಮಾದರಿಯ ಚೀಟಿಯನ್ನು ಬಿಚ್ಚಿ ಅದಕ್ಕೆ ಕಟ್ಟಿ, ಹೊಲಿದ ಕಟ್ಟಿನ ಮೇಲಿಟ್ಟಳು. ಹಸಿರಿನ ನೆತ್ತಿಯ ಉಂಗುರ ಬಿಚ್ಚಿ, ಉಳಿದ ಅಚ್ಚುಬಟ್ಟೆಯ ಚೂರುಗಳಲ್ಲೇ ಕಾಲು ಮಾಡಿ ಹಚ್ಚಿದಳು. ಏಳೂ.

ಮಾರನೆಯ ದಿನ ಮಧ್ಯಾಹ್ನ ಬೊಂಗ್‌ಶಿಕ್ ಬಂದು ಎಣಿಸಿಕೊಂಡ. ಮಾದರಿ ಇದೆಯಾ ಅಂತ ಚೀಟಿ ನೋಡಿದ, ಬೊಂಬೆ ನೋಡಲಿಲ್ಲ. ಕಟ್ಟು ಬೈಕಿಗೆ ಬಿಗಿದು, ಬಾಗಿಲ ಮೂಟೆಯ ಕಡೆ ಕತ್ತು ಚಾಚಿದ.

"ಏನಕ್ಕ, ಇವತ್ತೇನೂ ಇಟ್ಟಿಲ್ವಾ?"

"ಇಟ್ಟಿದ್ದೆ," ಎಂದಳು ಪಿಲ್‌ಸುನ್. "ಎದ್ದು ಹೋಯ್ತು."

ಅವನು ನಗುತ್ತಾ ಇಳಿಜಾರಿನಲ್ಲಿ ಬೈಕ್ ಬಿಟ್ಟ. ಅವಳು ಒಳಗೆ ಬಂದು ಎದುರಿನ ಯಂತ್ರದ ಹೊದಿಕೆ ತೆಗೆದಳು. ಒಕ್ರಿಮ್‌ಳ ಕುರ್ಚಿಯಲ್ಲಿ ಹಸಿರು ಪ್ರಾಣಿ ಏಳೂ ಕಾಲು ಚಾಚಿ ಕೂತಿತ್ತು. ಪಿಲ್‌ಸುನ್ ತನ್ನ ಯಂತ್ರಕ್ಕೆ ದಾರ ಪೋಣಿಸಿದಳು. ಸೂಜಿಯ ಕಣ್ಣು ಮೂರನೇ ಸಲಕ್ಕೆ ಸಿಕ್ಕಿತು. ಮೊದಲೆಲ್ಲ ಇದನ್ನು ಒಕ್ರಿಮ್ ಪೋಣಿಸಿಕೊಡುತ್ತಿದ್ದಳು.