ಸೂರ್ಯನ ಹರಾಜು

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನೋಡಿದರೆ ಗುಡುಗಣ್ಣನ ಹೆಂಡತಿಯ ಬಳಿ ಇದ್ದಷ್ಟು ಬಂಗಾರ ಬಂದರಿನ ಆಸುಪಾಸಿನಲ್ಲಿ ಯಾರ ಬಳಿಯೂ ಇರಲಿಲ್ಲ. ಗಂಡ ಮೀನು ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ನಸುಕಿನಲ್ಲಿ ದೋಣಿಗಳು ಬರುವ ಹೊತ್ತಿಗೆ ಶುರುವಾದ ಕೂಗು ಮಧ್ಯಾಹ್ನದ ತನಕ ನಿಲ್ಲುತ್ತಿರಲಿಲ್ಲ. ಐಸ್ ಕಾರ್ಖಾನೆಯ ಮೋಟಾರಿನ ಸದ್ದನ್ನೂ ಮೀರಿ ಆಚೆ ದಡಕ್ಕೆ ಕೇಳಿಸುವ ದನಿ ಅದು. ಗುಡುಗಣ್ಣ ಎಂಬ ಹೆಸರನ್ನು ಮಾರುಕಟ್ಟೆಯವರೇ ಇಟ್ಟದ್ದು. ಆದರೆ ಆ ಗುಡುಗು ಮನೆಯ ಬಾಗಿಲು ತಲುಪುವಾಗ ಹನಿಯಷ್ಟೂ ಉಳಿದಿರುತ್ತಿರಲಿಲ್ಲ. ಬಡಿಸು ಅನ್ನಲು ಕೈಸನ್ನೆ, ಸಾಕು ಅನ್ನಲು ಕೈಸನ್ನೆ. ಮಗಳ ಮದುವೆ ಮಾತುಕತೆಯನ್ನೂ ಬೀಗರ ಮುಂದೆ ತಲೆಯಾಡಿಸಿಯೇ ಮುಗಿಸಿದ್ದ ಮಹಾನುಭಾವ. ಕೇಳಿದರೆ, ಗಂಟಲು ನಾಳೆಗೆ ಬೇಕಂತೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವಳು ಬೈದದ್ದಕ್ಕೆ ಲೆಕ್ಕವಿಲ್ಲ. ಬೈದು ಪ್ರಯೋಜನವೇನು, ಎದುರುತ್ತರ ಬಂದರೆ ತಾನೇ ಜಗಳ?

ಈಗ ಆ ಗಂಟಲಿನಲ್ಲೇ ಗಡ್ಡೆ ಬೆಳೆದಿತ್ತು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೂ ಎಷ್ಟು ಕಾಲ ಎಂದು ಹೇಳಲಾಗದು ಎಂದಿದ್ದರು ಡಾಕ್ಟರು. ಆಮೇಲೆ ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದು ಸಿಗುತ್ತದಂತೆ. ಆಸ್ಪತ್ರೆಯ ಬೆಂಚಿನ ಮೇಲೆ ಯಾರೋ ಅದರಲ್ಲಿ ಮಾತಾಡಿದ್ದನ್ನು ಅವಳು ಕೇಳಿದ್ದಳು. ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದ ಹಾಗಿತ್ತು. ವಾರವಿಡೀ ಬಾಯಿ ಮುಚ್ಚಿಕೊಂಡಿದ್ದರೆ ಒಂದು ಸಂಜೆಗಾಗುವಷ್ಟು ದನಿ ಕೂಡಿಬರಬಹುದು, ಮನೆಯವರ ಜೊತೆ ಏನು ಆಡಬೇಕೋ ಅವತ್ತು ಆಡಿಬಿಡಿ ಎಂದು ಡಾಕ್ಟರು ಅವಳ ಮುಖ ನೋಡದೆ ಹೇಳಿದ್ದರು.

ಅದಕ್ಕೆಂದೇ ಮಗಳು ಸಂಜೆಯ ವಿಹಾರದ ಬೋಟಿನಲ್ಲಿ ಇಬ್ಬರಿಗೆ ಮೇಜು ಕಾದಿರಿಸಿದಳು. ತಾನೂ ಗಂಡನೂ ಬರುವುದಿಲ್ಲ, ಅಪ್ಪನ ಮಾತು ಅವತ್ತು ಪೂರ್ತಿ ಅಮ್ಮನಿಗೇ ಎಂದಳು. ಅದನ್ನು ಕೇಳಿ ಅಮ್ಮನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಆಸೆಯಾಯಿತು. ವಾರವಿಡೀ ಗುಡುಗಣ್ಣ ಬಾಯಿಗೆ ಬೀಗ ಹಾಕಿಕೊಂಡು ಕೂತ. ಅವಳು ಒಲೆಯ ಮುಂದೆ ನಿಂತು ಏನೇನು ಕೇಳಬೇಕೆಂದು ಯೋಚಿಸಿದಳು. ಯೋಚಿಸಿದಂತೆಲ್ಲ ಪ್ರಶ್ನೆಗಳು ಉದುರಿಹೋಗಿ ಕೊನೆಗೆ ಒಂದೇ ಉಳಿಯಿತು.

ಮದುವೆಯಾದ ಹೊಸದರಲ್ಲಿ, ಗೋಡೆಯ ಜೊತೆ ಸಂಸಾರ ಮಾಡಿ ಸಾಕಾಗಿ, ಅವಳು ತವರಿಗೆ ಹೊರಟುಹೋಗಿದ್ದಳು. ತಿಂಗಳುಗಳು ಕಳೆದ ಮೇಲೆ ಗುಡುಗಣ್ಣ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಕೊನೆಗೆ ಅವಳ ಚೀಲ ಎತ್ತಿಕೊಂಡು ನಡೆದೇಬಿಟ್ಟ. ಅವಳೂ ಹಿಂದೆಯೇ ನಡೆದಳು. ಅವತ್ತು ಹೇಳಲು ಬಂದದ್ದು ನೀನಿಲ್ಲದೆ ಆಗುವುದಿಲ್ಲ ಎಂಬ ಮಾತೋ, ಬೇಯಿಸಿ ಹಾಕಲು ಜನವಿಲ್ಲ ಎಂಬ ಮಾತೋ, ಅವಳಿಗೆ ಈವರೆಗೂ ಗೊತ್ತಿಲ್ಲ. ಇಡೀ ಬಾಳನ್ನು ಆ ಆಡದ ಮಾತನ್ನು ನಂಬಿ ಕಳೆದಿದ್ದಳು. ಬರೆದು ತೋರಿಸು ಎನ್ನೋಣವೆಂದರೆ ಅವನಿಗೆ ಅಂಕಿ ಬಿಟ್ಟರೆ ಅಕ್ಷರ ಬಾರದು. ಕೈಸನ್ನೆಯಲ್ಲಿ ಹೇಳುವ ಸಂಗತಿಯೂ ಅದಲ್ಲ.

ಬೋಟು ಬಂದರಿನ ದಕ್ಕೆ ಬಿಟ್ಟು ಹೊರಟಾಗ ಬಿಸಿಲು ಇನ್ನೂ ಹಳದಿಯಾಗಿತ್ತು. ಮೇಲಿನ ಅಂತಸ್ತಿನಲ್ಲಿ ಬಿಳಿ ಬಟ್ಟೆ ಹಾಸಿದ ಮೇಜುಗಳು, ಉದ್ದ ಕಾಲಿನ ಲೋಟಗಳಲ್ಲಿ ಕೆಂಪು ವೈನು. ಅವಳು ಒಂದು ಗುಟುಕು ಕುಡಿದು, ಹುಳಿ ಬಂದ ದ್ರಾಕ್ಷಿಗೆ ಇಷ್ಟೊಂದು ಮರ್ಯಾದೆಯೇ ಎಂದುಕೊಂಡಳು. ಸೂಪು ಬಂತು, ಬ್ರೆಡ್ಡು ಬಂತು, ನಿಂಬೆಹೋಳಿನ ಜೊತೆ ಇಡೀ ಮೀನೊಂದು ಬಂತು. ಗುಡುಗಣ್ಣ ಬಗ್ಗಿ ಅದರ ಕಣ್ಣು ನೋಡಿದ. ವಾರವಿಡೀ ಕೂಡಿಟ್ಟ ದನಿಯ ಮೊದಲ ಮಾತು ಹೊರಬಿತ್ತು.

"ಮೊನ್ನೆದು. ತಿನ್ನು, ಸಾಯಲ್ಲ."

ಅವಳು ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ಮಾತಿಗಲ್ಲ, ದನಿಗೆ. ಗುಡುಗಣ್ಣನಿಗೆ ಕೂಗದ ದನಿಯೂ ಒಂದಿದೆ, ಅದು ಮೆತ್ತಗಿದೆ, ಸ್ವಲ್ಪ ಒರಟಾಗಿದೆ, ಹತ್ತಿರ ಕೂತವರಿಗೆ ಮಾತ್ರ ಕೇಳಿಸುತ್ತದೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಇದನ್ನು ಇಷ್ಟು ವರ್ಷ ಎಲ್ಲಿ ಮುಚ್ಚಿಟ್ಟಿದ್ದನೋ ಎಂದು ಸಿಟ್ಟೂ ಬಂತು. ಅವನು ಅವಳ ತಟ್ಟೆಗೆ ಮುಳ್ಳು ತೆಗೆದ ಮೀನು ಹಾಕುತ್ತ ಮಗಳ ವಿಚಾರ, ಅಳಿಯನ ಜಿಪುಣತನ ಅಂತ ಅದೂ ಇದೂ ಮಾತಾಡಿದ. ಆಮೇಲೆ ತಾನಾಗಿಯೇ ಕೇಳಿದ:

"ಏನೋ ಕೇಳ್ಬೇಕು ಅಂತಿದ್ಯಲ್ಲ, ಕೇಳು."

"ಅವತ್ತು ನಮ್ಮಮ್ಮನ ಮನೇಲಿ, ಅಡುಗೆಮನೆ ಬಾಗಿಲಲ್ಲಿ ನಿಂತ್ರಲ್ಲ. ಏನು ಹೇಳೋಕೆ ಬಂದಿದ್ರಿ?"

ಅವನಿಗೆ ಥಟ್ಟನೆ ನೆನಪಾಯಿತೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಚಮಚ ಕೆಳಗಿಟ್ಟ. ನೀರು ಕುಡಿದ. ಕಿವಿಯವರೆಗೆ ಕೆಂಪಾದ, ಈ ವಯಸ್ಸಿನಲ್ಲಿ. "ಅವತ್ತಾ," ಎಂದ.

ಅಷ್ಟರಲ್ಲಿ ಮೈಕಿನಲ್ಲಿ ಅವನ ಹೆಸರು ಕೇಳಿಸಿತು. ಬೋಟಿನ ಜನರನ್ನು ನಗಿಸಿ ರಂಜಿಸುವ ನಿರೂಪಕ ಮೀನು ಮಾರುಕಟ್ಟೆಯ ಐಸ್‌ನವನ ಮಗ, ಚಿಕ್ಕಂದಿನಿಂದ ಆ ಕೂಗು ಕೇಳಿ ಬೆಳೆದವನು. ಪಾಪ, ಕಾಯಿಲೆಯ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಬಂದರಿನ ಅತಿ ದೊಡ್ಡ ದನಿ ನಮ್ಮ ನಡುವೆ ಕೂತಿದೆ, ಗುಡುಗಣ್ಣ ಬಂದು ಮುಳುಗುವ ಸೂರ್ಯನನ್ನು ಹರಾಜು ಹಾಕಬೇಕು ಎಂದ. ಮೇಜುಮೇಜಿನಿಂದ ಚಪ್ಪಾಳೆ ಎದ್ದಿತು.

ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. "ಬೇಡ ರೀ."

"ಒಂದೇ ಕೂಗು ಕಣೆ. ಬಂದು ಹೇಳ್ತೀನಿ."

ಹುಟ್ಟುಗುಣ ಸುಟ್ಟರೂ ಹೋಗದು. ಅವನು ಆಗಲೇ ಅರ್ಧ ಎದ್ದಿದ್ದ. ಮುಖದ ಮೇಲೆ ಹಸಿದವನ ಕಳೆಯಿತ್ತು. ಅದನ್ನು ನೋಡಿದ ಮೇಲೆ ಅವಳ ಬೆರಳುಗಳು ತಾವಾಗಿಯೇ ಸಡಿಲವಾದವು. ಹಿಡಿದುಕೊಂಡಿದ್ದರೆ ಕೂರುತ್ತಿದ್ದನೋ ಏನೋ, ಅವಳು ಬಿಟ್ಟಳು.

ಅವನು ಮೈಕನ್ನು ಪಕ್ಕಕ್ಕೆ ಸರಿಸಿ, ಬೋಟಿನ ಅಂಚಿನ ಕಂಬಿಗೆ ಬೆನ್ನು ಕೊಟ್ಟು ನಿಂತ. "ನೋಡ್ರಪ್ಪಾ ಇವತ್ತಿನ ಮಾಲು," ಎಂದು ಶುರು ಮಾಡಿದ. ಕೆಳಗಿನ ಅಂತಸ್ತಿನಲ್ಲಿದ್ದವರೂ ಮೆಟ್ಟಿಲು ಹತ್ತಿ ಬಂದರು. "ಕೆಂಪಗಿದೆ, ದುಂಡಗಿದೆ, ಮುಳ್ಳಿಲ್ಲ, ಐಸ್ ಬೇಡ. ಎಲ್ಲರೂ ನೀರಿಂದ ತೆಗೆದದ್ದು ಮಾರ್ತಾರೆ, ನಾನು ನೀರಿಗೆ ಬೀಳೋದನ್ನ ಮಾರ್ತಿದ್ದೀನಿ. ಬೇಗ ಕೇಳಿ, ಕೆಡೋ ಸಾಮಾನು." ಜನ ಹೊಟ್ಟೆ ಹಿಡಿದು ನಕ್ಕರು. ವೈನಿನ ಲೋಟ ಎತ್ತಿ ಎತ್ತಿ ಬೆಲೆ ಏರಿಸಿದರು. ದನಿ ನೀರಿನ ಮೇಲೆ ಹೋಗಿ ಗೋದಾಮುಗಳ ಗೋಡೆಗೆ ಬಡಿದು ವಾಪಸು ಬಂತು. ಅವಳು ಮಾರುಕಟ್ಟೆಗೆ ಕಾಲಿಟ್ಟವಳಲ್ಲ, ಅದು ಗಂಡಸರ ಜಾಗ ಎಂದು ಅವನೇ ತಡೆದಿದ್ದ. ಹಾಗಾಗಿ ಅವಳು ಅವನನ್ನು ಈ ರೂಪದಲ್ಲಿ ನೋಡಿದ್ದು ಇದೇ ಮೊದಲು. ಎಷ್ಟು ಚೆಂದವಿದ್ದ. ಅವಳ ಎದೆ ಉಬ್ಬಿತು, ಅದೇ ಎದೆ ಉರಿಯಿತು. ಸೂರ್ಯನ ಅಂಚು ಮಾತ್ರ ಉಳಿದಾಗ ಅವನು ಕೈಯೆತ್ತಿ ಒಂದು ಸಲ ಎಂದ, ಎರಡು ಸಲ ಎಂದ. ಮೂರು ಎಂಬುದು ಬಂತು, ಸಲ ಎಂಬುದು ಬರಲಿಲ್ಲ. ಬಾಯಿ ತೆರೆದೇ ಇತ್ತು. ಜನ ಅದನ್ನೂ ನಾಟಕವೆಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು.

ಅವನು ತಿರುಗಿ ಬಂದು ಕೂರುವಷ್ಟರಲ್ಲಿ ಮಬ್ಬು ಕವಿದಿತ್ತು. ಮೇಜಿನ ಮೇಲೆ ಮೀನು ತಣ್ಣಗಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆ ಅವಳ ನೆನಪಿಗೆ ಬಂತು, ಆದರೆ ಯಾರ ಮೇಲೆ ಹೊರಿಸಿ ಆಡುವುದು? ಪಕ್ಕದ ಮೇಜಿನ ಹೆಂಗಸೊಬ್ಬಳು ಬಂದು ಅವಳ ಭುಜ ಮುಟ್ಟಿದಳು.

"ನೀವು ಪುಣ್ಯ ಮಾಡಿದ್ರಿ ಅಮ್ಮ. ದಿನಾ ಮನೇಲಿ ಈ ದನಿ ಕೇಳ್ತೀರಿ."

"ಹೌದಮ್ಮ, ದಿನಾ," ಎಂದಳು ಅವಳು.

ಹೆಂಗಸು ಹೋದ ಮೇಲೆ ಗುಡುಗಣ್ಣ ಅವಳ ಕಡೆಗೆ ಬಗ್ಗಿದ. ಕೊಟ್ಟ ಮಾತು ಅವನಿಗೆ ಮರೆತಿರಲಿಲ್ಲ. ಕಿವಿಯ ಹತ್ತಿರ ಬಾಯಿ ತಂದು ಹೇಳಲು ನೋಡಿದ. ಬಿಸಿಯುಸಿರು ಬಂತೇ ಹೊರತು ಮಾತು ಬರಲಿಲ್ಲ. ಕತ್ತಿನ ನರ ಉಬ್ಬಿಸಿ ಮತ್ತೊಮ್ಮೆ ನೋಡಿದ. ಕೆಮ್ಮು ಒತ್ತರಿಸಿಕೊಂಡು ಬಂತು. ಉಸಿರು ಒಳಗೆ ಹೋಗದೆ ಗಂಟಲಲ್ಲೇ ಸಿಕ್ಕಿಕೊಂಡು ಸುಯ್ಗುಟ್ಟಿತು, ಕಣ್ಣುಗುಡ್ಡೆ ಮೇಲೇರಿತು, ಬಾಯಿಗೆ ಹಿಡಿದ ಬಟ್ಟೆಯಲ್ಲಿ ರಕ್ತ ಕಂಡಿತು. ಅಷ್ಟಾದರೂ ಅವನು ತುಟಿ ಅಲುಗಿಸುತ್ತಲೇ ಇದ್ದ. ಆ ಮಬ್ಬಿನಲ್ಲಿ ತುಟಿಗಳು ಏನು ಹೇಳುತ್ತಿವೆ ಎಂದು ಅವಳಿಗೆ ತಿಳಿಯಲಿಲ್ಲ. ಇನ್ನೊಂದು ಸಲ ಪ್ರಯತ್ನಪಟ್ಟರೆ ಇಲ್ಲೇ ಪ್ರಾಣ ಹೋಗುತ್ತದೆ ಎಂಬುದು ಮಾತ್ರ ತಿಳಿಯಿತು.

ಅವಳು ಅಂಗೈಯಿಂದ ಅವನ ಬಾಯಿ ಮುಚ್ಚಿದಳು.

"ಬೇಡ. ನನಗೇನೂ ಕೇಳ್ಬೇಕಿಲ್ಲ. ಸುಮ್ನಿರಿ."

ಅವಳ ಅಂಗೈಯ ಅಡಿಯಲ್ಲಿ ಅವನ ತುಟಿಗಳು ಇನ್ನೂ ಸ್ವಲ್ಪ ಹೊತ್ತು ಅಲುಗಿದವು. ಆಮೇಲೆ ಅವನು ಸುಮ್ಮನಾದ.