ಫಾರ್ಮಿನ ಹನ್ನೊಂದನೇ ಪ್ರಶ್ನೆ

"ಪೋಸ್ಟಿಂಗ್ ಬಂತು ಅಪ್ಪ. ನಮ್ಮ ಬಾಲಿಗಂಜೇ. ನಿಮ್ಮ ಹೋಟೆಲೂ ನನ್ನ ಏರಿಯಾದಲ್ಲೇ ಬರ್ತದೆ. ಮುಂದಿನ ತಿಂಗಳಿಂದ ನಿಮ್ಮ ಕಿಚನ್ ಚೆಕ್ ಮಾಡುದು ನಾನೇ."

ಚಟ್ನಿಗೆ ಹಾಕಬೇಕಿದ್ದ ಒಗ್ಗರಣೆಯನ್ನು ಹರಿದಾಸ ಸಾಂಬಾರಿಗೆ ಸುರಿದುಬಿಟ್ಟ.

ಮಧ್ಯಾಹ್ನ ಮೂರು ಗಂಟೆ. ಊಟದವರು ಹೋಗಿ ಟಿಫಿನ್ನಿನವರು ಇನ್ನೂ ಬಾರದ ಹೊತ್ತು. ಮಗಳು ಶರಣ್ಯಾ ಹೆಗಲ ಬ್ಯಾಗನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಫುಡ್ ಟೆಕ್ನಾಲಜಿ ಓದಿ, ಎರಡು ಸಲ ಪರೀಕ್ಷೆ ಬರೆದು, ಕೊನೆಗೂ ಕಾರ್ಪೊರೇಷನ್ನಿನಲ್ಲಿ ಫುಡ್ ಇನ್ಸ್‌ಪೆಕ್ಟರ್ ಆದವಳು.

"ಸಂಬಳ ಎಷ್ಟು ಹೇಳಿದ್ದಿ?"

"ಕೈಗೆ ಮೂವತ್ನಾಲ್ಕು ಸಾವಿರ."

"ನಮ್ಮ ಅಣ್ಣಪ್ಪನಿಗೆ ನಾನು ಮೂವತ್ತಾರು ಕೊಡ್ತೇನೆ ಮಾರಾಯ್ತಿ."

ದೋಸೆ ಕಾವಲಿ ಉಜ್ಜುತ್ತಿದ್ದ ಅಣ್ಣಪ್ಪ ತಲೆಯೆತ್ತದೆ, "ನನಗೆ ಪೆನ್ಶನ್ ಇಲ್ಲ ಧಣಿ," ಎಂದ.

ಶರಣ್ಯಾ ಬ್ಯಾಗಿನಿಂದ ಒಂದು ಫಾರ್ಮು ತೆಗೆದಳು. "ಪ್ರಾಬ್ಲಂ ಉಂಟು. ಹನ್ನೊಂದನೇ ಪ್ರಶ್ನೆ ನೋಡಿ. ಏರಿಯಾದಲ್ಲಿ ರಿಲೇಟಿವ್ಸ್ ಹೋಟೆಲ್ ಉಂಟಾ ಅಂತ. ಉಂಟು ಅಂತ ಬರೆದ್ರೆ ನನ್ನನ್ನು ಜೋಕಾಕ್ಕೆ ಹಾಕ್ತಾರೆ. ಅಲ್ಲಿ ಮಾತ್ರ ಒಂದು ಪೋಸ್ಟ್ ಖಾಲಿ."

"ಜೋಕಾ ಅಂದ್ರೆ ಎರಡು ಬಸ್ಸು. ಇಲ್ಲಿಗಾದ್ರೆ ಚಪ್ಪಲಿ ಹಾಕಿಕೊಂಡ್ರೆ ಬಂತು." ಹರಿದಾಸ ಕೈ ಒರೆಸಿಕೊಂಡ. "ಆ ಪ್ರಶ್ನೆ ಖಾಲಿ ಬಿಡು. ಯಾರು ಓದ್ತಾರೆ?"

"ನಾನು ಓದ್ತೇನಲ್ಲ."

"ನಿನ್ನದೊಂದು. ಬಜೆ ತಿನ್ನು ಮೊದಲು."

ಅವಳನ್ನು ಗೋಳಿಬಜೆಯ ಮುಂದೆ ಕೂರಿಸಿ ಅವನು ಗಲ್ಲಾಪೆಟ್ಟಿಗೆಯ ಹತ್ತಿರ ಬಂದ. ಮಗಳು ಇದೇ ಬೀದಿಯಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಓಡಾಡುವುದನ್ನು ಪಾಡಾದವರೆಲ್ಲ, ಅಂದರೆ ಈ ಕೇರಿಯ ಬಂಗಾಳಿಗಳೆಲ್ಲ, ನೋಡಬೇಕು! ಆ ಚಿತ್ರ ಕಣ್ಣಲ್ಲೇ ಇರುವಾಗ ದಿನಾ ಕಾಫಿಗೆ ಬರುವ ಮಿಹಿರ್ ಬಾಬು ಬಂದು ಕೂತರು. ಹರಿದಾಸನಿಗೆ ತಡೆದುಕೊಳ್ಳಲಾಗಲಿಲ್ಲ, ಎಲ್ಲ ಹೇಳಿಬಿಟ್ಟ.

"ಭಾರೀ ಖುಷಿ, ದಾದಾ," ಎಂದರು ಮಿಹಿರ್ ಬಾಬು. "ಇನ್ನು ನಿಮಗೇನು ಚಿಂತೆ? ಎಣ್ಣೆ ತಿಂಗಳಿಗೊಮ್ಮೆ ಬದಲಾಯಿಸಿದರೂ ಮಗಳು ಪಾಸು ಮಾಡ್ತಾಳೆ."

ತಮಾಷೆಗೇ ಅಂದಿದ್ದು. ತಾವೇ ನಕ್ಕರು ಕೂಡ. ಹರಿದಾಸ ಮಾತ್ರ ನಗಲಿಲ್ಲ.

ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಹತ್ತೊಂಬತ್ತು ವರ್ಷಗಳ ತಪಾಸಣೆಯ ಹಾಳೆಗಳು ಫ್ರೇಮಿನೊಳಗಿದ್ದವು. ಅವುಗಳಿಗೆ ಜಾಗ ಮಾಡಲು ಹೆಂಡತಿ ಸುಗುಣಾಳ ದೇವರ ಪಟಗಳೇ ಪಕ್ಕಕ್ಕೆ ಸರಿದಿದ್ದವು. ಒಂದು ವರ್ಷ ಸಿಂಕಿನ ನಲ್ಲಿ ಸೋರುತ್ತದೆಂದು ಎರಡು ಅಂಕ ಕಳೆದಿದ್ದರು. ಆ ಹಾಳೆಯೂ ಅಲ್ಲೇ ಇತ್ತು, ನಲ್ಲಿ ರಿಪೇರಿಯ ರಸೀದಿಯ ಸಮೇತ. ಇಪ್ಪತ್ತನೆಯದಕ್ಕೆ ಮಗಳು ಸಹಿ ಹಾಕಿದರೆ? ನೂರಕ್ಕೆ ನೂರು ಬಂದರೂ ಮಿಹಿರ್ ಬಾಬು ನಗುತ್ತಾರೆ. ಆಮೇಲೆ ಹಿಂದಿನ ಹತ್ತೊಂಬತ್ತನ್ನೂ ಯಾರು ನಂಬುತ್ತಾರೆ? ಆ ಹುಡುಗಿಯ ಸಹಿಯನ್ನಾದರೂ ಯಾರು ನಂಬುತ್ತಾರೆ?

ಅವನು ಸೀದಾ ಅಡುಗೆಮನೆಗೆ ಹೋದ. "ಪೆನ್ನು ಕೊಡು."

"ಎಂತಕ್ಕೆ?"

"ಕೊಡು ಹೇಳಿದೆ."

ಹನ್ನೊಂದನೇ ಪ್ರಶ್ನೆಯ ಮುಂದೆ ಅವನೇ ದಪ್ಪ ಅಕ್ಷರದಲ್ಲಿ ಬರೆದ: ಯೆಸ್. ಫಾದರ್. ಹೋಟೆಲ್. ಹತ್ತೊಂಬತ್ತು ವರ್ಷ. ವೆರಿ ಕ್ಲೀನ್.

"ಅಪ್ಪ, ಕ್ಲೀನ್ ಅಂತ ಬರಿಲಿಕ್ಕೆ ಅಲ್ಲಿ ಕಾಲಮ್ಮೇ ಇಲ್ಲ."

"ಅದಕ್ಕೇ ಅಂಚಲ್ಲಿ ಬರೆದದ್ದು."

ಶರಣ್ಯಾ ಫಾರ್ಮನ್ನೇ ನೋಡುತ್ತಾ ಕೂತಳು. ನಿಧಾನಕ್ಕೆ ಅವಳ ಮುಖ ಸಡಿಲವಾಯಿತು. "ನೀವು ಬರೀದಿದ್ರೆ ನಾನೇ ಬರೀತಿದ್ದೆ. ಹೇಗೆ ಹೇಳುದು ಅಂತ ಬಸ್ಸಲ್ಲಿ ಪ್ರಾಕ್ಟೀಸ್ ಮಾಡ್ಕೊಂಡು ಬಂದಿದ್ದೆ."

"ಇಲ್ಲಿಗೆ ಬೇರೆ ಯಾರು ಬರ್ತಾರೆ ಹಾಗಾದ್ರೆ?"

"ನಮ್ಮ ಬ್ಯಾಚಿನ ನೇಹಾ. ಭಯಂಕರ ಸ್ಟ್ರಿಕ್ಟ್. ಟ್ರೇನಿಂಗಲ್ಲಿ ನಮ್ಮದೇ ಕ್ಯಾಂಟೀನಿನ ಫ್ರಿಜ್ಜಿಗೆ ನೋಟಿಸ್ ಬರೆದವಳು."

"ಬರ್ಲಿ, ಬರ್ಲಿ," ಎಂದ ಹರಿದಾಸ, ಮದುವೆಗೆ ಕರೆದವನ ಹಾಗೆ. "ಅಣ್ಣಪ್ಪ, ಚಿಮಣಿ ಇವತ್ತೇ ತೊಳಿ."

"ಮೊನ್ನೆ ತೊಳೆದದ್ದಲ್ವಾ?"

"ಇನ್ನೊಮ್ಮೆ ತೊಳಿ."

ಶರಣ್ಯಾ ಕೊನೆಯ ಬಜೆಯನ್ನು ಬಾಯಿಗೆ ಹಾಕಿಕೊಂಡು ಎದ್ದಳು. "ನಾಳೆ ಹನ್ನೊಂದಕ್ಕೆ ಆಫೀಸರ್ ಹತ್ರ ಹೋಗ್ಬೇಕು. ಲೈಸೆನ್ಸ್ ಕಾಪಿ ಹಿಡ್ಕೊಂಡು ನೀವೂ ಬರ್ಬೇಕಾಗ್ತದೆ."

"ಬರ್ತೇನೆ. ಫ್ರೇಮು ತರುದಾ?"

"ಬೇಡ."

"ಒಂದೇ ಒಂದು. ನಲ್ಲಿಯದ್ದು."

"ಸರಿ, ಒಂದೇ. ಹತ್ತೂವರೆಗೆ ಆಫೀಸಿನ ಗೇಟಿನ ಹತ್ರ ಇರಿ."