ಟ್ರಿಗ್ವೆಯ ಹಿಂದೆ ಹೋಗದ ಯೋರುನ್

ಗಂಡನನ್ನು ಬಿಟ್ಟು ಬಂದ ಯೋರುನ್ ಅವನ ಕುರಿಚರ್ಮದ ಕೋಟನ್ನು ಮಾತ್ರ ಬಿಡಲಿಲ್ಲ. ತೋಳುಗಳನ್ನು ಎರಡು ಸುತ್ತು ಮಡಚಿ, ಬೇಸಿಗೆಯಲ್ಲೂ ಅದನ್ನೇ ತೊಟ್ಟು, ಸ್ಟೇರಿಂಗಿಗೆ ಎದೆ ತಾಗುವಷ್ಟು ಮುಂದಕ್ಕೆ ಬಾಗಿ ಟ್ಯಾಕ್ಸಿ ಓಡಿಸುವ ಆ ಸ್ಥೂಲ ಆಕೃತಿ ನಮ್ಮ ಸ್ಕಾರ್‌ವಿಕ್‌ನ ಆಬಾಲವೃದ್ಧರಿಗೂ ಪರಿಚಿತ. ಯಾರಾದರೂ ಕೆಣಕಿದರೆ, "ಕೋಟು ಏನ್ ತಪ್ಪು ಮಾಡಿತ್ತು?" ಎನ್ನುತ್ತಿದ್ದಳು.

ನಾರ್ವೆಯ ಈ ಉತ್ತರದ ತುದಿಯಲ್ಲಿ ನಮ್ಮ ಪುಟ್ಟ ವಿಮಾನ ನಿಲ್ದಾಣಕ್ಕೂ ಬೆಟ್ಟದಾಚೆಯ ಲೂನೆಸ್‌ನ ನಿಲ್ದಾಣಕ್ಕೂ ಆಕಾಶಮಾರ್ಗದಲ್ಲಿ ಹದಿನೈದು ನಿಮಿಷ. ಘಾಟಿ ಹತ್ತಿಳಿದರೆ ಎರಡು ಗಂಟೆ. ಕೊಲ್ಲಿಯನ್ನು ಬಳಸಿ ಹೋದರೆ ಐದು. ಗಾಳಿ ಕೆಟ್ಟು ವಿಮಾನ ಇಲ್ಲಿ ಇಳಿಯದ ದಿನ ಪ್ರಯಾಣಿಕರನ್ನು ಅಲ್ಲಿಗೆ ಮುಟ್ಟಿಸುವುದು ಊರಿನ ಏಕೈಕ ಟ್ಯಾಕ್ಸಿಯ ಯೋರುನ್‌ಳ ಪಾಲಿನ ಕೆಲಸ. ಚಳಿಗಾಲದಲ್ಲಿ ಘಾಟಿ ದಾಟಬೇಕಾದರೆ ಹಿಮ ಸರಿಸುವ ಗಾಡಿಯ ಬೆನ್ನಿಗೆ ಕಾರುಗಳು ಸಾಲಾಗಿ ಹೋಗಬೇಕು. ಆ ಗಾಡಿ ಓಡಿಸುವವನೋ, ಅವಳು ಬಿಟ್ಟುಬಂದ ಟ್ರಿಗ್ವೆ. ಇನ್ನು ಅವನ ಹಿಂದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲವೆಂದು ಶಪಥ ಮಾಡಿದ್ದ ಆ ಮಹಾತಾಯಿ ಏಳು ಚಳಿಗಾಲ ಕೊಲ್ಲಿಯನ್ನೇ ಸುತ್ತಿದಳು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬಂತೆ, ಸೊಂಟ ಹಿಡಿಸಿಕೊಂಡವರು ಮಾತ್ರ ನಾವು.

ಹೋದ ವರ್ಷದ ಫೆಬ್ರವರಿಯಲ್ಲಿ ನನ್ನ ನೆರೆಮನೆಯ ಮೀನುಗಾರ ಇವಾರ್‌ನಿಗೆ ರಾಜಧಾನಿಯ ಆಸ್ಪತ್ರೆಯಿಂದ ಕರೆ ಬಂತು: ಹೊಂದುವ ಮೂತ್ರಪಿಂಡ ಸಿಕ್ಕಿದೆ, ರಾತ್ರಿಯೊಳಗೆ ಬಂದು ಸೇರಬೇಕು. ಡಯಾಲಿಸಿಸ್‌ನಿಂದ ಬಸವಳಿದಿದ್ದ ಅವನು ಎರಡು ವರ್ಷ ಕಾದದ್ದು ಈ ಕರೆಗಾಗಿಯೇ. ಅಂದು ಬಿರುಗಾಳಿಗೆ ನಮ್ಮಲ್ಲಿ ವಿಮಾನವೂ ಇಲ್ಲ, ಹೆಲಿಕಾಪ್ಟರೂ ಇಲ್ಲ. ಬೆಟ್ಟದ ಮರೆಯಲ್ಲಿದ್ದ ಲೂನೆಸ್‌ನಿಂದ ಮಾತ್ರ ಸಂಜೆಯ ವಿಮಾನವಿತ್ತು. ಅವನಿಗೆ ಜೊತೆಯಾಗಿ ನಾನೂ ಟ್ಯಾಕ್ಸಿ ಹತ್ತಿದೆ. ಕೊಲ್ಲಿ ಬಳಸಿದರೆ ವಿಮಾನ ತಪ್ಪುವುದು ಖಚಿತವೆಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ರಸ್ತೆ ಕವಲೊಡೆಯುವ ಜಾಗ ಬಂತು. ಕಾರು ಘಾಟಿಯ ಕಡೆ ತಿರುಗಿತು.

ಘಾಟಿಯ ಬುಡದಲ್ಲಿ ರಸ್ತೆಗೆ ಅಡ್ಡ ಹಾಕಿದ ಗೇಟಿನ ಬಳಿ ಟ್ರಿಗ್ವೆ ಕಾರಿನಿಂದ ಕಾರಿಗೆ ನಡೆಯುತ್ತ, ಪೆಟ್ರೋಲು, ಕಂಬಳಿಗಳಿವೆಯೇ ಎಂದು ವಿಚಾರಿಸುತ್ತ, ಆ ದಿನದ ಕೊನೆಯ ಸಾಲನ್ನು ಅಣಿಗೊಳಿಸುತ್ತಿದ್ದ. ನಮ್ಮ ಕಿಟಕಿಗೆ ಬಂದವನು ಕೇಳುವುದನ್ನೇ ಮರೆತು ನಿಂತ.

"ಇವನು ಸಂಜೆ ವಿಮಾನ ಹಿಡೀಬೇಕು," ಎಂದಳು ಯೋರುನ್, ದೃಷ್ಟಿಯನ್ನು ರಸ್ತೆಯಿಂದ ಕದಲಿಸದೆ. "ನಿನ್ ಹಿಂದೇನೇ ಬರ್ತೀನಿ."

ಅವನು ಅವಳ ಕಾರನ್ನು ಎಲ್ಲರಿಗಿಂತ ಮುಂದಕ್ಕೆ, ತನ್ನ ಗಾಡಿಯ ಬೆನ್ನಿಗೇ ಕರೆಸಿಕೊಂಡ. ಆಮೇಲೆ ಮತ್ತೆ ಕಿಟಕಿಗೆ ಬಗ್ಗಿ, "ನನ್ ದೀಪ ಕಾಣ್ದೆ ಹೋದ್ರೆ ಅಲ್ಲೇ ನಿಂತ್ಬಿಡು. ನಾನೇ ಹುಡುಕ್ಕೊಂಡು ಬರ್ತೀನಿ," ಎಂದ.

"ಗೊತ್ತು," ಎಂದಳು.

ದಾರಿಯುದ್ದಕ್ಕೂ ಮುಂದೆ ಕಾಣುತ್ತಿದ್ದುದು ಆ ದೀಪವೊಂದೇ. ಇವಾರ್‌ನಿಗೆ ವಿಮಾನ ಸಿಕ್ಕಿತು. ಈಗ ಅವನು ಮತ್ತೆ ದೋಣಿಯ ಮೇಲೆ ನಿಂತು ಎಲ್ಲರನ್ನೂ ಬೈಯುವಷ್ಟು ಗಟ್ಟಿಯಾಗಿದ್ದಾನೆ. ಆ ಬೈಗುಳ ಕೇಳಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಯೋರುನ್ ಗಂಡನ ಮನೆಗೇನೂ ಮರಳಲಿಲ್ಲ. ಆದರೆ ಈ ಚಳಿಗಾಲ ಅವಳು ಕೊಲ್ಲಿಯ ದಾರಿ ಹಿಡಿದದ್ದನ್ನು ಯಾರೂ ಕಂಡಿಲ್ಲ.

ಹಟಮಾರಿಗಳನ್ನು ಲೋಕ ಹಳಿಯುತ್ತದೆ, ನಾನೂ ಹಳಿದವನೇ. ಆದರೆ ತನಗಾಗಿ ಎಂದೂ ಸಡಿಲಿಸದ ಹಟವನ್ನು ಇನ್ನೊಬ್ಬನ ಜೀವಕ್ಕಾಗಿ ಸದ್ದಿಲ್ಲದೆ ಇಳಿಸಿಬಿಡುವವರೂ ಇದೇ ಜಾತಿಯವರು. ಅಂಥವರು ಊರಿಗೊಬ್ಬರಿದ್ದರೆ ಸಾಕು, ಎಂಥ ಬಿರುಗಾಳಿಯಲ್ಲೂ ಬೆಟ್ಟದಾಚೆಗೆ ದಾರಿಯಿದೆ.